ಐವತ್ತಕ್ಕೆ ಕೆಲಸ ಬಿಡಬಹುದೇ? ದಾವಣಗೆರೆಯ ಸದಸ್ಯರ ಪ್ರಶ್ನೆಗೆ ಹಣಕಾಸು ಸಲಹೆಗಾರರ ಉತ್ತರ

ಪ್ರಶ್ನೆ (ನಿಟ್ಟುವಳ್ಳಿ, ದಾವಣಗೆರೆ):

ಮೇಡಂ ಅವರಿಗೆ ನಮಸ್ಕಾರ. ನನಗೆ 42 ವರ್ಷ. ಬೆಂಗಳೂರಿನ ಖಾಸಗಿ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಐದು ವರ್ಷಗಳಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಕಡಿತಗಳೆಲ್ಲ ಕಳೆದು ತಿಂಗಳಿಗೆ 1.40 ಲಕ್ಷ ರೂಪಾಯಿ ಕೈಗೆ ಬರುತ್ತದೆ. ನನ್ನ ಪತ್ನಿಗೆ 39 ವರ್ಷ, ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ, ಸಂಬಳ 22,000. ಮಗಳಿಗೆ 13, ಮಗನಿಗೆ 8. ಅಪ್ಪನಿಗೆ 72, ಅಮ್ಮನಿಗೆ 66. ಇಬ್ಬರೂ ನಮ್ಮ ಜೊತೆಯಲ್ಲಿಯೇ ಇದ್ದಾರೆ.

ಮನೆಖರ್ಚಿಗೆ 48,000, ಅಪ್ಪ-ಅಮ್ಮನ ಔಷಧಕ್ಕೆ 7,000, ಮಕ್ಕಳ ಶಾಲೆಗೆ ತಿಂಗಳ ಲೆಕ್ಕದಲ್ಲಿ 15,000, ಗೃಹಸಾಲದ ಕಂತು 24,000 (ಬಾಕಿ 15 ಲಕ್ಷ). ತಿಂಗಳು ತಿಂಗಳು ಹಾಕುವ ಮ್ಯೂಚುವಲ್ ಫಂಡ್ ಎಸ್‌ಐಪಿಗೆ 30,000, ಚೀಟಿಗೆ 10,000, ಮೂರು ಎಂಡೋಮೆಂಟ್ (ವಿಮೆ, ಉಳಿತಾಯ ಎರಡೂ ಸೇರಿದ) ಪಾಲಿಸಿಗಳಿಗೆ ಸುಮಾರು 9,000 ಹೋಗುತ್ತದೆ. ಇದುವರೆಗೆ ಸೇರಿದ್ದು ಪಿಎಫ್‌ನಲ್ಲಿ 21 ಲಕ್ಷ, ಪಿಪಿಎಫ್‌ನಲ್ಲಿ 8 ಲಕ್ಷ, ಫಂಡುಗಳಲ್ಲಿ 17 ಲಕ್ಷ, ಊರಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ 12 ಲಕ್ಷ ಠೇವಣಿ. ಹೊರವಲಯದಲ್ಲಿ 30x40ರ ಒಂದು ಸೈಟ್ ಇದೆ, ಇಂದಿನ ಬೆಲೆ 36 ಲಕ್ಷ ಎನ್ನುತ್ತಾರೆ. ಚನ್ನಗಿರಿ ತಾಲ್ಲೂಕಿನಲ್ಲಿ ಅಪ್ಪನ ಹೆಸರಿನಲ್ಲಿ ಮೂರು ಎಕರೆ ಅಡಿಕೆ ತೋಟವಿದೆ. ಅದರಲ್ಲಿ ಅಣ್ಣನಿಗೂ ಪಾಲಿದೆ.

ಅಪ್ಪ ಇಲ್ಲಿನ ಹತ್ತಿಗಿರಣಿಯೊಂದರಲ್ಲಿ ದುಡಿಯುತ್ತಿದ್ದರು. ಗಿರಣಿ ಮುಚ್ಚಿದಾಗ ಅವರಿಗೆ 45 ವರ್ಷ. ನನಗೆ ಹಾಗೆ ಆಗಬಾರದು, ನಾನಾಗಿಯೇ 50ಕ್ಕೆ ಗೌರವದಿಂದ ಕೆಲಸ ಬಿಡಬೇಕು ಎಂಬ ಆಸೆ ನನ್ನದು. ಎಂಟು ವರ್ಷಗಳಲ್ಲಿ ಇದು ಸಾಧ್ಯವೇ?

ಉತ್ತರ:

ನಮಸ್ಕಾರ ಸರ್. ಇಷ್ಟು ಬಿಡಿಸಿ ಲೆಕ್ಕ ಕೊಟ್ಟವರು ಅಪರೂಪ, ಆದ್ದರಿಂದ ನಾನೂ ಬಿಡಿಸಿಯೇ ಹೇಳುತ್ತೇನೆ. ಈಗಿನ ದಾರಿಯಲ್ಲಿಯೇ ನಡೆದರೆ 50ಕ್ಕೆ ಪೂರ್ತಿ ಕೆಲಸ ಬಿಡುವುದು ಸಾಧ್ಯವಿಲ್ಲ. ದಾರಿಯನ್ನು ಸ್ವಲ್ಪ ತಿದ್ದಿಕೊಂಡರೆ 55 ಸಾಧ್ಯ, ಮತ್ತು 50ರಿಂದಲೇ ದುಡಿಮೆಯ ಭಾರವನ್ನು ತಗ್ಗಿಸಿಕೊಳ್ಳಬಹುದು.

ಲೆಕ್ಕ ಹೀಗಿದೆ. ಮನೆಖರ್ಚು, ಔಷಧ ಸೇರಿ ವರ್ಷಕ್ಕೆ 6.6 ಲಕ್ಷ. ಆರೋಗ್ಯ ವಿಮೆಯ ಕಂತು, ಗಾಡಿ, ಮನೆ ದುರಸ್ತಿ, ನೆಂಟರ ಮದುವೆ-ಮುಂಜಿ ಇವು ತಿಂಗಳ ಪಟ್ಟಿಯಲ್ಲಿ ಎಂದೂ ಕಾಣುವುದಿಲ್ಲ, ಆದರೆ ವರ್ಷಕ್ಕೆ ಒಂದು ಲಕ್ಷವನ್ನಾದರೂ ಕೇಳುತ್ತವೆ. ಹೀಗೆ ಆಗುವ 7.6 ಲಕ್ಷವು ಶೇಕಡಾ 6ರ ಹಣದುಬ್ಬರದಲ್ಲಿ ಎಂಟು ವರ್ಷಗಳ ನಂತರ 12 ಲಕ್ಷ ದಾಟುತ್ತದೆ. ನಿಮ್ಮ ಪತ್ನಿ ನಿಮಗಿಂತ ಕಿರಿಯರಾದ್ದರಿಂದ ಈ ಹಣ 40 ವರ್ಷ ಬಾಳಬೇಕು. ಅಷ್ಟು ದೀರ್ಘ ಅವಧಿಗೆ ವಾರ್ಷಿಕ ಖರ್ಚಿನ 30 ಪಟ್ಟಿಗಿಂತ ಕಡಿಮೆ ಇಟ್ಟುಕೊಂಡು ಕೆಲಸ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಂದರೆ ಸುಮಾರು 3.6 ಕೋಟಿ. ಪಿಎಫ್‌ಗೆ ನಿಮ್ಮ ಮತ್ತು ಕಂಪನಿಯ ಪಾಲು ಸೇರಿ ತಿಂಗಳಿಗೆ 18,000 ಎಂದುಕೊಂಡು ಅದಕ್ಕೆ ಶೇಕಡಾ 8, ಫಂಡುಗಳಿಗೆ ಶೇಕಡಾ 10, ಉಳಿದದ್ದಕ್ಕೆ ಶೇಕಡಾ 7 ಹಿಡಿದರೆ, 50ಕ್ಕೆ ನಿಮ್ಮ ಬಳಿ ಸೇರುವುದು 1.75 ಕೋಟಿಯ ಆಸುಪಾಸು. ಬೇಕಾದದ್ದರಲ್ಲಿ ಅರ್ಧಕ್ಕೂ ಕಡಿಮೆ. ಮಗಳ ಕಾಲೇಜಿನ ಹಣವನ್ನು ನಾನು ಇದರಲ್ಲಿ ಇನ್ನೂ ಕಳೆದಿಲ್ಲ.

ಮೊತ್ತಕ್ಕಿಂತ ದೊಡ್ಡ ತೊಡಕು ವಯಸ್ಸುಗಳದ್ದು. ನಿಮಗೆ 50 ಆಗುವಾಗ ಮಗನಿಗೆ 16, ಅಂದರೆ ಪಿಯುಸಿ ಸೇರುವ ವರ್ಷ, ಅಪ್ಪನಿಗೆ 80. ಮನೆಯ ಖರ್ಚು ಏರಲು ಆರಂಭಿಸುವ ವರ್ಷವೇ ಸಂಬಳ ನಿಲ್ಲುತ್ತದೆ. ಇಂದು 10 ಲಕ್ಷದಲ್ಲಿ ಮುಗಿಯುವ ಎಂಜಿನಿಯರಿಂಗ್ ಓದು ವರ್ಷಕ್ಕೆ ಶೇಕಡಾ 8ರಂತೆ ಏರಿದರೆ ಮಗಳ ಪಾಲಿಗೆ 15 ಲಕ್ಷದಷ್ಟು, ಮಗನ ಪಾಲಿಗೆ 21 ಲಕ್ಷಕ್ಕೂ ಮೇಲಾಗುತ್ತದೆ. ವೈದ್ಯಕೀಯ ಓದಿನ ಖಾಸಗಿ ಸೀಟಿನ ಮಾತು ಬಂದರೆ ಈ ಲೆಕ್ಕವನ್ನೇ ಹರಿದು ಹೊಸದಾಗಿ ಬರೆಯಬೇಕಾದೀತು. ಎರಡು ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲಿ ಆ ಮಾತು ಯಾವ ಮನೆಯಲ್ಲಿಯೂ ಬರದೆ ಇರುವುದಿಲ್ಲ.

ಇನ್ನು ತಿದ್ದಬೇಕಾದವು. ಮೊದಲನೆಯದು ಸಂಘದ ಠೇವಣಿ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ ಸಹ, ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. 2020ಕ್ಕೆ ಮುಂಚೆ ಅದು ಒಂದು ಲಕ್ಷವಷ್ಟೇ ಇತ್ತು. ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ ರಕ್ಷಣೆಯೇ ಇಲ್ಲ. ಸಂಘ ಚೆನ್ನಾಗಿಯೇ ನಡೆಯುತ್ತಿರಬಹುದು, ಅಧ್ಯಕ್ಷರು ಪರಿಚಿತರೇ ಇರಬಹುದು, ಆದರೂ ಒಂದೂವರೆ ಶೇಕಡಾ ಹೆಚ್ಚಿನ ಬಡ್ಡಿಗಾಗಿ 12 ಲಕ್ಷವನ್ನು ಒಂದೇ ಕಡೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಅವಧಿ ಮುಗಿದಂತೆ ಆ ಹಣವನ್ನು ತೆಗೆದು ನಿಮ್ಮ ತಂದೆಯವರಿಗೆ ಉಡುಗೊರೆಯಾಗಿ ಕೊಟ್ಟು, ಅವರ ಹೆಸರಿನಲ್ಲಿ ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಬಹುದು. ಅದರಲ್ಲಿ 2023ರ ಏಪ್ರಿಲ್‌ನಿಂದ ಬಡ್ಡಿ ಶೇಕಡಾ 8.2, ಒಬ್ಬರಿಗೆ ಮಿತಿ 30 ಲಕ್ಷ. 12 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 24,600 ಬರುತ್ತದೆ, ಔಷಧದ ಖರ್ಚು ಅದರಲ್ಲಿಯೇ ನೀಗುತ್ತದೆ. ಪತ್ನಿಗೆ ಕೊಟ್ಟ ಹಣದ ಆದಾಯ ತೆರಿಗೆಯಲ್ಲಿ ನಿಮ್ಮ ಲೆಕ್ಕಕ್ಕೇ ಸೇರುತ್ತದೆ, ತಂದೆ-ತಾಯಿಗೆ ಕೊಟ್ಟದ್ದು ಹಾಗೆ ಸೇರುವುದಿಲ್ಲ. ಒಂದು ಎಚ್ಚರಿಕೆ: ಕೊಟ್ಟ ಮೇಲೆ ಅದು ಅವರ ಹಣ. ನಾಮನಿರ್ದೇಶನದ ಜೊತೆಗೆ ಒಂದು ಚಿಕ್ಕ ಉಯಿಲೂ ಇಲ್ಲದಿದ್ದರೆ ನಾಳೆ ಅಣ್ಣ-ತಮ್ಮಂದಿರ ನಡುವೆ ಸಣ್ಣ ಮಾತಿಗೆ ದೊಡ್ಡ ಮನಸ್ತಾಪವಾಗುತ್ತದೆ.

ಎಂಡೋಮೆಂಟ್ ಪಾಲಿಸಿಗಳು ಸಾಮಾನ್ಯವಾಗಿ ಶೇಕಡಾ 5-6ರ ಪ್ರತಿಫಲವನ್ನು ದಾಟುವುದಿಲ್ಲ. ಸರೆಂಡರ್ ಮಾಡಿದರೆ ಎಷ್ಟು, ಕಂತು ನಿಲ್ಲಿಸಿ ಪೇಡ್-ಅಪ್ ಮಾಡಿದರೆ (ಈವರೆಗೆ ಕಟ್ಟಿದ್ದಕ್ಕೆ ತಕ್ಕ ಮೊತ್ತ ಅವಧಿಯ ಕೊನೆಗೆ ಸಿಗುವಂತೆ) ಎಷ್ಟು ಎಂದು ಮೂರಕ್ಕೂ ಬರಹದಲ್ಲಿ ಕೇಳಿ ಪಡೆಯಿರಿ. ಮುಗಿಯಲು ಎರಡು-ಮೂರು ವರ್ಷವಷ್ಟೇ ಇರುವುದನ್ನು ಮುಂದುವರಿಸಿ, ಉಳಿದವನ್ನು ಪೇಡ್-ಅಪ್ ಮಾಡಿ. ಅದಕ್ಕೂ ಮೊದಲು 60 ವರ್ಷದವರೆಗಿನ, ಕನಿಷ್ಠ 1.5 ಕೋಟಿಯ ಟರ್ಮ್ ವಿಮೆ (ಅವಧಿಯೊಳಗೆ ಸಾವಾದರೆ ಮಾತ್ರ ಹಣ ಕೊಡುವ ವಿಮೆ) ನಿಮ್ಮ ಕೈಯಲ್ಲಿರಲಿ. ಚೀಟಿ ನೋಂದಾಯಿತವಾದದ್ದಾದರೆ ಅವಧಿ ಮುಗಿಸಿ ನಿಲ್ಲಿಸಿ, ಕೈಚೀಟಿಯಾದರೆ ಆದಷ್ಟು ಬೇಗ ಹೊರಬನ್ನಿ.

ಕಂಪನಿಯ ಸಾಮೂಹಿಕ ಆರೋಗ್ಯ ವಿಮೆ ನೀವು ಕೆಲಸ ಬಿಟ್ಟ ದಿನವೇ ಮುಗಿಯುತ್ತದೆ. 50ರಲ್ಲಿ ರಕ್ತದೊತ್ತಡ, ಸಕ್ಕರೆಯ ಚೀಟಿ ಹಿಡಿದು ಹೊಸ ಪಾಲಿಸಿ ಕೇಳುವುದಕ್ಕಿಂತ, ಆರೋಗ್ಯ ಚೆನ್ನಾಗಿರುವ ಈಗಲೇ ನಾಲ್ವರಿಗೂ ಸ್ವಂತದ್ದೊಂದನ್ನು ಮಾಡಿಸಿ. ಇರುವ ಕಾಯಿಲೆಗೆ ಕಾಯಬೇಕಾದ ಅವಧಿ ಹೆಚ್ಚೆಂದರೆ ಮೂರು ವರ್ಷ. ಅದು ಸಂಬಳ ಬರುವಾಗಲೇ ಕಳೆದುಹೋಗಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಕಂತಿನ ಮೇಲೆ ಜಿಎಸ್‌ಟಿಯೂ ಇಲ್ಲ.

ಚೀಟಿ ಮತ್ತು ಪಾಲಿಸಿಗಳಿಂದ ಬಿಡುಗಡೆಯಾಗುವ 19,000 ಎಸ್‌ಐಪಿಗೆ ಸೇರಲಿ, ಸಂಬಳ ಏರಿದಂತೆ ಎಸ್‌ಐಪಿಯೂ ವರ್ಷಕ್ಕೆ ಶೇಕಡಾ 7ರಷ್ಟು ಏರಲಿ, ಏಳು ವರ್ಷಗಳಲ್ಲಿ ಸಾಲ ತೀರಿದ ಮೇಲೆ ಆ 24,000ವೂ ಅಲ್ಲಿಗೇ ಹೋಗಲಿ. ಮಕ್ಕಳ ಓದಿಗೆ ತೆಗೆದ ನಂತರವೂ 55ಕ್ಕೆ 3.6 ಕೋಟಿಯಷ್ಟು ಉಳಿಯುತ್ತದೆ, ಸೈಟ್ ಮಾರಿದರೆ 4 ಕೋಟಿ ದಾಟುತ್ತದೆ. ಆಗ ಹಣ ಬಾಳಬೇಕಾದದ್ದು 35 ವರ್ಷವಷ್ಟೇ ಆದ್ದರಿಂದ 30 ಪಟ್ಟಿಗಿಂತ ಸ್ವಲ್ಪ ಕಡಿಮೆ, ಸುಮಾರು 4.5 ಕೋಟಿ ಸಾಕು. ಕೊರತೆ ಚಿಕ್ಕದು.

ಮರುಪ್ರಶ್ನೆ (ಅದೇ ಸದಸ್ಯರು):

ತುಂಬಾ ಧನ್ಯವಾದಗಳು ಮೇಡಂ. ಎರಡು ಸಂದೇಹಗಳಿವೆ. ವರ್ಷದ ಖರ್ಚಿನ 25 ಪಟ್ಟು ಇದ್ದರೆ ಸಾಕು ಎಂದು ನನ್ನ ಸಹೋದ್ಯೋಗಿಗಳೆಲ್ಲ ಹೇಳುತ್ತಾರೆ. ತಾವು ಏಕೆ 30 ಎನ್ನುತ್ತೀರಿ? ಎರಡನೆಯದು, ಸೈಟ್ ಮಾರುವ ಮಾತಿಗೆ ಅಮ್ಮ ಒಪ್ಪುವುದಿಲ್ಲ. ಅದರ ಬದಲು ಅಡಿಕೆಯ ಆದಾಯವನ್ನು ಲೆಕ್ಕಕ್ಕೆ ಹಿಡಿಯಬಹುದೇ? ಕಳೆದ ವರ್ಷ ತೋಟವನ್ನು ಖೇಣಿಗೆ (ಮರದ ಮೇಲಿನ ಫಸಲಿನ ಗುತ್ತಿಗೆಗೆ) ಕೊಟ್ಟು ನನ್ನ ಪಾಲಿಗೆ ಒಳ್ಳೆಯ ಹಣವೇ ಬಂದಿತ್ತು.

ಉತ್ತರ:

25 ಪಟ್ಟಿನ ಮಾತು ಅಮೆರಿಕದ ವಿಲಿಯಂ ಬೆಂಗೆನ್ ಎಂಬ ಸಲಹೆಗಾರರು 1994ರಲ್ಲಿ ಅಲ್ಲಿನ ಷೇರು ಮತ್ತು ಸರ್ಕಾರಿ ಬಾಂಡ್‌ಗಳ ಹಳೆಯ ಅಂಕಿಗಳನ್ನಿಟ್ಟು, 30 ವರ್ಷಗಳ ನಿವೃತ್ತಿಗಾಗಿ ಮಾಡಿದ ಲೆಕ್ಕದಿಂದ ಬಂದದ್ದು. ನಿಮ್ಮ ಅವಧಿ 40 ವರ್ಷ, ನಿಮ್ಮ ಹಣದುಬ್ಬರ ಬೇರೆ, ನಿಮ್ಮ ಮನೆಯಲ್ಲಿ ಆರು ಜನ. ಲೆಕ್ಕ ತಪ್ಪಲ್ಲ, ಅದು ಬೇರೆಯವರ ಅಳತೆಗೆ ಹೊಲಿದ ಅಂಗಿ.

ಇನ್ನೊಂದು ಕಾರಣವನ್ನು ಅಡಿಕೆ ಬೆಳೆಯುವ ಮನೆಯವರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ದರ ಬಿದ್ದ ವರ್ಷ ಚೀಲಗಳನ್ನು ಮನೆಯಲ್ಲಿಟ್ಟು ಕಾದವರು ಉಳಿದುಕೊಳ್ಳುತ್ತಾರೆ, ಮದುವೆಯ ಖರ್ಚಿಗೆಂದು ಅದೇ ವಾರ ಮಂಡಿಗೆ ಹಾಕಿದವರು ಸೋಲುತ್ತಾರೆ. ಫಂಡುಗಳಲ್ಲಿಯೂ ಹಾಗೆಯೇ. 2008ರ ಜನವರಿಯಲ್ಲಿ 21,000ದ ಬಳಿ ಇದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 9,000ಕ್ಕಿಂತ ಕೆಳಗೆ ಇಳಿಯಿತು. ದುಡಿಯುತ್ತಿದ್ದವರಿಗೆ ಅದು ಅಗ್ಗದಲ್ಲಿ ಕೊಳ್ಳುವ ಅವಕಾಶವಾಗಿತ್ತು. ಆ ವರ್ಷವೇ ಕೆಲಸ ಬಿಟ್ಟು, ತಿಂಗಳ ರೇಷನ್ನಿಗೆ ಫಂಡಿನ ಯೂನಿಟ್ಟುಗಳನ್ನು ಮಾರಿದವರಿಗೆ, ಮಾರುಕಟ್ಟೆ ಮತ್ತೆ ಏರುವ ಹೊತ್ತಿಗೆ ಏರಲು ಉಳಿದ ಯೂನಿಟ್ಟುಗಳೇ ಕಡಿಮೆಯಾಗಿದ್ದವು. ಆದ್ದರಿಂದ ಕೆಲಸ ಬಿಡುವ ಮೂರು ವರ್ಷ ಮುಂಚಿನಿಂದಲೇ, ಮೂರು ವರ್ಷಗಳ ಖರ್ಚನ್ನು ಬ್ಯಾಂಕ್ ಠೇವಣಿಯಂಥ ಕಡೆಗೆ ಸರಿಸುತ್ತ ಬನ್ನಿ. ಪಿಎಫ್ ಹಣವನ್ನು ಕೆಲಸ ಬಿಟ್ಟ ಮೇಲೂ ಅಲ್ಲಿಯೇ ಬಿಟ್ಟರೆ ಬಡ್ಡಿ ಬರುತ್ತದೆ, ಆದರೆ ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಕಟ್ಟಬೇಕು. ಪಿಎಫ್ ಜೊತೆಗಿನ ಪಿಂಚಣಿಯನ್ನು 50ರಿಂದ ಪಡೆಯಬಹುದು ಎಂಬ ಆಸೆಗೆ ಬೀಳಬೇಡಿ. 58ಕ್ಕಿಂತ ಮೊದಲು ಪಡೆದರೆ ಪ್ರತಿ ವರ್ಷಕ್ಕೆ ಶೇಕಡಾ 4ರಂತೆ ಕಡಿತವಾಗುತ್ತದೆ, ಪೂರ್ತಿ ಪಡೆದರೂ ಅದು ಐದಾರು ಸಾವಿರದ ಮಾತು.

ತೋಟದ ಆದಾಯವನ್ನು ಲೆಕ್ಕಕ್ಕೆ ಹಿಡಿಯಬೇಡಿ. ತೋಟ ಇನ್ನೂ ನಿಮ್ಮ ಹೆಸರಿನಲ್ಲಿಲ್ಲ, ಪಾಲಾಗಿಲ್ಲ. ಭದ್ರಾ ನಾಲೆಯ ನೀರು, ಕೊಳವೆಬಾವಿ, ಕೊಳೆರೋಗ, ದರ ಇವು ನಾಲ್ಕೂ ಕೈಕೊಡದ ವರ್ಷ ಮಾತ್ರ ಖೇಣಿದಾರರು ಒಳ್ಳೆಯ ಮಾತು ಆಡುತ್ತಾರೆ. ಬಂದ ವರ್ಷ ಅದು ಹಬ್ಬವಾಗಲಿ, ಬಾರದ ವರ್ಷ ಅಡುಗೆಮನೆ ನಿಲ್ಲದಿರಲಿ.

ಸೈಟಿನ ವಿಷಯದಲ್ಲಿ ತಾಯಿಯವರ ಮನಸ್ಸು ನನಗೆ ಅರ್ಥವಾಗುತ್ತದೆ. ನಮ್ಮ ಕಡೆ 'ಒಂದು ಸೈಟ್ ಐತಿ' ಎನ್ನುವಾಗ ಧ್ವನಿಯೇ ಬೇರೆಯಾಗುತ್ತದೆ. ಆದರೆ ಖಾಲಿ ಸೈಟ್ ಬಾಡಿಗೆ ತರುವುದಿಲ್ಲ, ವರ್ಷ ವರ್ಷ ಕಂದಾಯ ಕೇಳುತ್ತದೆ, ಬೇಕಾದ ತಿಂಗಳಿಗೆ ಕಾಲು ಭಾಗ ಮಾರುತ್ತೇನೆಂದರೆ ಆಗುವುದಿಲ್ಲ. ಈಗಲೇ ಮಾರಬೇಕಿಲ್ಲ. ಇ-ಖಾತೆ, ಕಾಗದಪತ್ರಗಳನ್ನು ಸರಿಮಾಡಿಟ್ಟುಕೊಂಡು, ಮಗನ ಓದಿಗೆ ಎಂದು ಅದಕ್ಕೊಂದು ಹೆಸರು ಕೊಡಿ. ಮೊಮ್ಮಗನ ಓದಿಗೆ ಎಂದರೆ ಬೇಡ ಎನ್ನುವ ಅಜ್ಜಿಯನ್ನು ನಾನು ಇದುವರೆಗೆ ಕಂಡಿಲ್ಲ.

ತಂದೆಯವರ ಗಿರಣಿಯ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿರಿ, ಆದರೆ ನಿಮ್ಮ ನಿಜವಾದ ಪ್ರಶ್ನೆ ಅಲ್ಲಿದೆ ಎಂದು ನನಗೆ ಅನ್ನಿಸಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿ ನಡುವಯಸ್ಸಿನಲ್ಲಿ ಮನೆಗೆ ಬಂದವರು ಯಾರೂ ನಿವೃತ್ತಿಯನ್ನು ಕೇಳಿ ಪಡೆದವರಲ್ಲ. ನಿಮ್ಮ ಕ್ಷೇತ್ರದಲ್ಲಿಯೂ 47ಕ್ಕೆ ಕಂಪನಿಯೇ ಬೇಡವೆಂದರೆ ಏನು ಮಾಡುವುದು ಎಂಬುದಕ್ಕೆ ಮೊದಲು ಉತ್ತರವಿರಬೇಕು. ಸಾಲದ ಕಂತು ಸೇರಿ ಹನ್ನೆರಡು ತಿಂಗಳ ಖರ್ಚು, ಅಂದರೆ ಸುಮಾರು 11 ಲಕ್ಷ, ಷೇರುಪೇಟೆಗೆ ಸಂಬಂಧವಿಲ್ಲದ ಕಡೆ ಇರಲಿ. ಈ ಹಣವನ್ನು ಕೂಡಿಸಲು ಒಂದು ವರ್ಷ ಎಸ್‌ಐಪಿ ಏರಿಕೆಯನ್ನು ಮುಂದೂಡಿದರೂ ನನ್ನ ಅಡ್ಡಿಯಿಲ್ಲ.

ಪ್ರಶ್ನೆ (ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ):

ಮೇಡಂ, ನನಗೆ 46 ವರ್ಷ, ಹಾರ್ಡ್‌ವೇರ್ ಅಂಗಡಿ ಇದೆ. ಪಿಎಫ್ ಎಂಬುದೇ ನಮಗಿಲ್ಲ. ಷೇರು ಎಂದರೆ ಭಯ. ಎಲ್ಲವನ್ನೂ ಬ್ಯಾಂಕ್ ಠೇವಣಿಯಲ್ಲಿಯೇ ಇಟ್ಟುಕೊಂಡು 55ಕ್ಕೆ ಅಂಗಡಿಯನ್ನು ಮಗನಿಗೆ ಬಿಡಬಹುದೇ?

ಉತ್ತರ:

ಠೇವಣಿ ಮಾತ್ರ ಸಾಲದು ಸರ್. ಶೇಕಡಾ 6.5ರ ಬಡ್ಡಿಯಲ್ಲಿ ತೆರಿಗೆ ಕಳೆದು ಉಳಿಯುವುದು ಹಣದುಬ್ಬರಕ್ಕೇ ಹೋಗುತ್ತದೆ, ಅಸಲು ಬೆಳೆಯುವುದಿಲ್ಲ. ಪಿಎಫ್ ಇಲ್ಲದವರಿಗೆ ಪಿಪಿಎಫ್ ಇದೆ: ವರ್ಷಕ್ಕೆ 1.5 ಲಕ್ಷದವರೆಗೆ ಕಟ್ಟಬಹುದು, 2020ರ ಏಪ್ರಿಲ್‌ನಿಂದ ಬಡ್ಡಿ ಶೇಕಡಾ 7.1, ಆ ಬಡ್ಡಿಗೆ ತೆರಿಗೆ ಇಲ್ಲ. ಅವಧಿ 15 ವರ್ಷವಾದ್ದರಿಂದ ಇಂದು ತೆರೆದರೆ ನಿಮ್ಮ 60ರ ನಂತರದ ಕಾಲಕ್ಕೆ ಒದಗುತ್ತದೆ. 55ರಿಂದ 60ರವರೆಗಿನ ಐದು ವರ್ಷಗಳಿಗೆ ಠೇವಣಿಯೇ ಸರಿ. ಉಳಿದದ್ದರಲ್ಲಿ ಕಾಲು ಭಾಗವನ್ನಾದರೂ ಇಂಡೆಕ್ಸ್ ಫಂಡಿನಲ್ಲಿ (ಷೇರು ಸೂಚ್ಯಂಕವನ್ನೇ ಹಿಂಬಾಲಿಸುವ ಫಂಡು) ತಿಂಗಳು ತಿಂಗಳು ಹಾಕಿ, ಒಂದು ಇಳಿತವನ್ನು ಕಣ್ಣಾರೆ ನೋಡಿ. ಭಯ ಎಷ್ಟೆಂಬುದು ಆಗ ತಿಳಿಯುತ್ತದೆ. ಮಗ ನಡೆಸುವ ಅಂಗಡಿಯಿಂದ ನಿಮಗೆ ತಿಂಗಳಿಗೆ ಎಷ್ಟು ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆದುಕೊಳ್ಳಿ.

ಪ್ರತಿಕ್ರಿಯೆ (ನಿಟ್ಟುವಳ್ಳಿಯ ಸದಸ್ಯರು):

ಮೇಡಂ, ನಿನ್ನೆ ರಾತ್ರಿ ಪತ್ನಿಯೊಡನೆ ಕುಳಿತು ಎಲ್ಲ ಕಾಗದಗಳನ್ನೂ ತೆಗೆದೆ. ಪಿಎಫ್ ಖಾತೆಯಲ್ಲಿ ನಾಮಿನಿ ಇನ್ನೂ ಅಪ್ಪನೇ ಇದ್ದಾರೆ, ಮದುವೆಗೆ ಮುಂಚೆ ಬರೆದದ್ದು. ಇದರಿಂದ ತೊಂದರೆಯಾಗುತ್ತದೆಯೇ?

ಉತ್ತರ:

ಆಗುತ್ತದೆ. ಪಿಎಫ್ ನಿಯಮದಲ್ಲಿ ಮದುವೆಗೆ ಮುಂಚಿನ ನಾಮನಿರ್ದೇಶನ ಮದುವೆಯ ನಂತರ ಅಸಿಂಧು. ಇಂದೇ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಖಾತೆಗೆ ಆನ್‌ಲೈನ್‌ನಲ್ಲಿ ಹೋಗಿ ಪತ್ನಿ ಮತ್ತು ಮಕ್ಕಳ ಆಧಾರ್, ಭಾವಚಿತ್ರಗಳೊಂದಿಗೆ ಇ-ನಾಮಿನೇಷನ್ ಮುಗಿಸಿ. ಮೂರು ಪಾಲಿಸಿಗಳಲ್ಲಿಯೂ ನಾಮಿನಿ ಯಾರೆಂದು ನೋಡಿಕೊಂಡು, ಪೇಡ್-ಅಪ್ ಮೊತ್ತದ ಪತ್ರ ಬಂದ ಮೇಲೆ ಇಲ್ಲಿಯೇ ಬರೆಯಿರಿ. ಯಾವುದನ್ನು ಉಳಿಸಬೇಕೆಂದು ಆಗ ಹೇಳುತ್ತೇನೆ.