ಲಕ್ಷದ್ವೀಪದಲ್ಲಿ ಡೈವಿಂಗ್: ಈಜು ಬಾರದ ಹೆಂಡತಿ, 12 ವರ್ಷದ ಮಗಳು. ಕಡ್ಮತ್ತಿಗೆ ಹೋಗೋದಾ, ಮಿನಿಕಾಯ್‌ಗಾ?

ಖಣದಂಗಡಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾವು ಮೂವರು, ನಾನು, ನನ್ನ ಹೆಂಡತಿ, 12 ವರ್ಷದ ಮಗಳು. ಎರಡು ವರ್ಷದಿಂದ ಅಂಗಡಿಯ ದುಡ್ಡಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಟ್ಟು ಲಕ್ಷದ್ವೀಪಕ್ಕೆ ಹೋಗಬೇಕು ಅಂತ ಕಾಯುತ್ತಿದ್ದೇವೆ. ನೀರಿನ ತಳಕ್ಕೆ ಇಳಿದು ಹವಳ ನೋಡಬೇಕು ಅನ್ನೋದು ಮಗಳ ಆಸೆ. ಹೆಂಡತಿ ಸರ್ಕಾರಿ ಶಾಲೆಯಲ್ಲಿ ಟೀಚರ್. ಅಷ್ಟು ದೂರ ಹೋಗಿ ಅಲ್ಲಿನ ಮಂದಿ ಹೇಗೆ ಬದುಕುತ್ತಾರೆ ಅಂತ ನೋಡದೆ, ಸುಮ್ನೆ ರೂಮಿನಲ್ಲಿ ಕೂತು ಬರೋದಾದರೆ ತಾನು ಬರೋದೇ ಇಲ್ಲ ಅಂತಾಳೆ. ಅವಳು ಹೇಳೋದು ನನಗೂ ಸರಿ ಅನಿಸುತ್ತದೆ.

ನನಗೆ ಈಜು ಬರುತ್ತದೆ. ಚಿಕ್ಕವನಿದ್ದಾಗ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ನಮ್ಮ ಹೊಲದ ಬಾವಿಯಲ್ಲಿ ಕಲಿತಿದ್ದು, ಆಮೇಲೆ ಘಟಪ್ರಭೆಯಲ್ಲೂ ಈಜಿದ್ದೇನೆ. ಬಾವಿ ತಳದ ಕಲ್ಲು ಮುಟ್ಟಿ ಬರುವಷ್ಟು ಹೊತ್ತು ಉಸಿರು ಹಿಡಿಯುತ್ತೇನೆ. ಹೆಂಡತಿಗೆ ಈಜು ಬರೋದಿಲ್ಲ. ಮಗಳು ಈಗ ಕಲಿಯುತ್ತಿದ್ದಾಳೆ. ಈಜು ಬಾರದವರೂ ಡೈವಿಂಗ್ ಮಾಡಬಹುದಾ? ಯಾವ ದ್ವೀಪ ಒಳ್ಳೆಯದು? ದಸರಾ ರಜೆ ಸರಿಯಾ, ಬೇರೆ ತಿಂಗಳು ನೋಡಬೇಕಾ? ನಾವು ಮೀನು ಮಾಂಸ ತಿನ್ನೋದಿಲ್ಲ, ಅದೊಂದು ಚಿಂತೆ ಬೇರೆ ಇದೆ. ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಟಿಳಕವಾಡಿ ಅಕ್ಕ, ಬೆಳಗಾವಿ

ಅಣ್ಣಾ, ಮೊದಲು ಡೈವಿಂಗ್ ವಿಷಯ ಹೇಳಿಬಿಡುತ್ತೇನೆ, ಯಾಕಂದರೆ ನಿಮ್ಮ ಬರಹದಲ್ಲಿ ಒಂದು ಮಾತು ಓದಿ ನನಗೆ ಹೆದರಿಕೆ ಆಯಿತು. ಬಾವಿಯಲ್ಲಿ ಉಸಿರು ಹಿಡಿಯುವ ರೂಢಿ ಇದೆ ಅಂದಿರಿ ಅಲ್ವಾ, ಸಿಲಿಂಡರ್ ಹಾಕಿಕೊಂಡು ಇಳಿದಾಗ ಅದನ್ನು ಪೂರ್ತಿ ಮರೆಯಬೇಕು. ಬಾವಿಯಲ್ಲಿ ನೀವು ದಡದ ಮೇಲಿನ ಗಾಳಿ ಎಳೆದುಕೊಂಡು ಮುಳುಗುತ್ತೀರಿ, ಮೇಲೆ ಬಂದಾಗ ಅದು ಮೊದಲಿನಷ್ಟೇ ಆಗುತ್ತದೆ. ಸಿಲಿಂಡರ್ ಗಾಳಿ ಹಾಗಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಎದೆ ತುಂಬ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಹಿಡಿದುಕೊಂಡು ಮೇಲೆ ಬಂದರೆ ಶ್ವಾಸಕೋಶಕ್ಕೇ ಪೆಟ್ಟು. ಅದಕ್ಕೇ ಕಲಿಸುವವರು ಹೇಳುವ ಮೊದಲ ನಿಯಮವೇ ಉಸಿರಾಡುತ್ತಲೇ ಇರಿ ಅನ್ನೋದು. ನನ್ನ ಜೊತೆ ಕಲಿತವರಲ್ಲಿ ಚೆನ್ನಾಗಿ ಈಜುವವರಿಗೇ ಇದು ಜಾಸ್ತಿ ಕಷ್ಟ ಆಗಿತ್ತು, ನೀರಿಗೆ ಮುಖ ಇಟ್ಟ ಕೂಡಲೇ ಉಸಿರು ತಾನಾಗಿಯೇ ನಿಂತುಬಿಡುತ್ತಿತ್ತು ಅವರಿಗೆ.

ಈಜು ಬಾರದವರೂ ಇಳಿಯಬಹುದು. ಮೊದಲ ಸಲದ ಪರಿಚಯದ ಡೈವ್‌ನಲ್ಲಿ ಕಲಿಸುವವರು ಪಕ್ಕದಲ್ಲೇ ಹಿಡಿದುಕೊಂಡಿರುತ್ತಾರೆ, 12 ಮೀಟರ್‌ಗಿಂತ ಕೆಳಗೆ ಕರೆದುಕೊಂಡು ಹೋಗುವ ಹಾಗಿಲ್ಲ. ಸರ್ಟಿಫಿಕೇಟ್ ಕೋರ್ಸ್ ಬೇರೆ. ಅದು ಮೂರ್ನಾಲ್ಕು ದಿನದ್ದು, 200 ಮೀಟರ್ ಈಜಬೇಕು, 10 ನಿಮಿಷ ನೀರಿನ ಮೇಲೆ ತೇಲಬೇಕು, ಅದು ಮುಗಿದರೆ 18 ಮೀಟರ್‌ವರೆಗೆ ಹೋಗಬಹುದು. ಹತ್ತು ವರ್ಷ ತುಂಬಿದ ಮಕ್ಕಳಿಗೂ ಅವಕಾಶ ಇದೆ, ನಿಮ್ಮ ಮಗಳದ್ದು ತೊಂದರೆ ಇಲ್ಲ.

ಇನ್ನು ಕಿವಿ. ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಒಮ್ಮೆ ಡೈವಿಂಗ್‌ಗೆ ಹೋದಾಗ ನನಗೆ ನೆಗಡಿ ಇತ್ತು. ದುಡ್ಡು ಕಟ್ಟಿಯಾಗಿದೆ, ಹೇಳಿದರೆ ಬೇಡ ಅಂತಾರೆ ಅಂತ ಸುಮ್ನಿದ್ದೆ. ಮೂರು ಮೀಟರ್ ಇಳಿದಿದ್ದೆನೋ ಇಲ್ಲವೋ, ಎಡಗಿವಿಯಲ್ಲಿ ಸೂಜಿ ಇಟ್ಟು ಒತ್ತಿದ ಹಾಗೆ ನೋವು. ಮೂಗು ಹಿಡಿದು ಊದಿದೆ, ಕಿವಿ ಬಿಡಲಿಲ್ಲ. ಇನ್ನೂ ಜೋರಾಗಿ ಊದಿದೆ, ಅದೇ ನಾನು ಮಾಡಿದ ತಪ್ಪು. ಮೇಲೆ ಬಂದು ಮಾಸ್ಕ್ ತೆಗೆದರೆ ಒಳಗೆ ರಕ್ತ. ಮೂರು ವಾರ ಆ ಕಿವಿ ಸರಿಯಾಗಿ ಕೇಳಿಸಲಿಲ್ಲ. ಕಿವಿಗೆ ತೊಂದರೆ ಜಾಸ್ತಿ ಆಗೋದು ಮೊದಲ ಕೆಲವು ಮೀಟರ್‌ಗಳಲ್ಲೇ. ಹಾಗಾಗಿ ಒಂದೊಂದು ಮೊಳ ಇಳಿಯುವಾಗಲೂ ಮೂಗು ಹಿಡಿದು ಮೆಲ್ಲಗೆ ಊದಬೇಕು, ನೋವು ಶುರುವಾದ ಮೇಲೆ ಅಲ್ಲ, ಅದಕ್ಕಿಂತ ಮುಂಚೆ. ಆಗದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ನೋಡಬೇಕು. ಆಗಲೂ ಆಗದಿದ್ದರೆ ಅವತ್ತಿಗೆ ಬಿಟ್ಟುಬಿಡಬೇಕು.

ನೇರವಾಗಿ ಲಕ್ಷದ್ವೀಪಕ್ಕೆ ಹೋಗುವ ಮೊದಲು ಒಂದು ಸಲ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ನೀರಿಗೆ ಇಳಿದು ನೋಡಿ. ದಡದಿಂದ ಸುಮಾರು 19 ಕಿಲೋಮೀಟರ್, ನಮ್ಮ ಕಡೆಯಿಂದ ಒಂದು ರಾತ್ರಿಯ ಪ್ರಯಾಣ. ಮೂವರಲ್ಲಿ ಯಾರಿಗೆ ಆಗುತ್ತದೆ, ಯಾರಿಗೆ ಇಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಒಂದು ಮಾತು ನೆನಪಿಡಿ, ಡೈವ್ ಮುಗಿಸಿ ಅದೇ ಸಂಜೆ ಘಟ್ಟ ಹತ್ತಬೇಡಿ. ವಿಮಾನಕ್ಕೆ ಮಾತ್ರ ಕಾಯಬೇಕು ಅಂತ ಬಹಳ ಮಂದಿ ತಿಳಿದಿದ್ದಾರೆ. ಆದರೆ 600 ಮೀಟರ್‌ಗಿಂತ ಎತ್ತರದ ಊರಿಗೆ ಹೋಗೋದೂ ಅದೇ ಲೆಕ್ಕ. ನಮ್ಮ ಬೆಳಗಾವಿ 750 ಮೀಟರ್‌ಗಿಂತ ಎತ್ತರ. ಮೈಯೊಳಗೆ ಕರಗಿದ ನೈಟ್ರೋಜನ್ ಹೊರಗೆ ಹೋಗೋದಕ್ಕೆ ಸಮಯ ಬೇಕು, ಒಂದೇ ಡೈವ್ ಆದರೆ 12 ಗಂಟೆ, ಜಾಸ್ತಿ ಆದರೆ 18 ಗಂಟೆ. ನಿಮ್ಮ ಬಾಗಲಕೋಟೆ ಅಷ್ಟು ಎತ್ತರ ಇಲ್ಲ, ಆದರೆ ದಾರಿಯಲ್ಲಿ ಹುಬ್ಬಳ್ಳಿ ಬರುತ್ತದಲ್ಲ. ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಹೊರಡಿ.

ಎಲ್ಲ ಹೆದರಿಸುವ ಮಾತೇ ಆಯಿತು ಅನ್ನಬೇಡಿ. ಕಿವಿ ವಾಸಿಯಾದ ಮೇಲೆ ನಾನು ಕಡ್ಮತ್ತಿಗೆ ಹೋದೆ. ತಳದ ಮರಳಿನ ಮೇಲೆ ಮೊಣಕಾಲೂರಿ ಕೂತಿದ್ದಾಗ ಎಲ್ಲಿಂದಲೋ ಕಟಕಟ ಅಂತ ಸದ್ದು. ಯಾರೋ ಪಕ್ಕದಲ್ಲಿ ಕೂತು ಕಡಕ್ ರೊಟ್ಟಿ ಮುರಿಯುತ್ತಿರುವ ಹಾಗೆ! ತಿರುಗಿ ನೋಡಿದರೆ ಹಸಿರು ನೀಲಿ ಬಣ್ಣದ ಗಿಳಿಮೀನು ಹವಳದ ಬಂಡೆ ಕಡಿಯುತ್ತಿತ್ತು. ಅದು ಕಡಿದು ನುಂಗಿದ ಹವಳವೇ ಹಿಂದಿನಿಂದ ಮರಳಾಗಿ ಬೀಳುತ್ತದೆ. ನಾನು ಕೂತಿದ್ದ ಬಿಳಿ ಮರಳಿನಲ್ಲೂ ಅಂಥ ಮೀನುಗಳ ಕೆಲಸ ಇತ್ತು ಅಂತ ತಿಳಿದಾಗ ಆದ ಖುಷಿ ಇವತ್ತಿಗೂ ಹಾಗೇ ಇದೆ. ನಿಮ್ಮ ಮಗಳಿಗೆ ಆ ಸದ್ದು ಖಂಡಿತ ಕೇಳಿಸಿ. ಡೈವಿಂಗ್‌ಗೇ ಹೋಗೋದಾದರೆ ಕಡ್ಮತ್ ಸಾಕು.

ವಿಜಯಪುರ ಡಾಕ್ಟರ್

ಅಕ್ಕ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಹೊರಡುವ ಮುಂಚೆ ಮೂವರೂ ಕಿವಿ ಮೂಗು ಗಂಟಲಿನ ಡಾಕ್ಟರ್ ಹತ್ತಿರ ಒಮ್ಮೆ ತೋರಿಸಿ. ಕಿವಿ ತಮಟೆಯಲ್ಲಿ ತೂತು ಇದ್ದವರು, ಅಸ್ತಮಾ, ಮೂರ್ಛೆ, ಹೃದಯದ ತೊಂದರೆ ಇದ್ದವರು ಡಾಕ್ಟರ್ ಒಪ್ಪದೆ ಇಳಿಯಲೇಬಾರದು. ಅಲ್ಲಿ ಒಂದು ಆರೋಗ್ಯದ ಫಾರಂ ಕೊಡುತ್ತಾರೆ, ಅದರಲ್ಲಿ ಏನನ್ನೂ ಮುಚ್ಚಿಡಬೇಡಿ. ನೆಗಡಿಗೆ ಮಾತ್ರೆ ನುಂಗಿ ಇಳಿಯೋದು ಬೇಡ. ಮಾತ್ರೆಯ ಪರಿಣಾಮ ನೀರೊಳಗಿದ್ದಾಗಲೇ ಇಳಿದುಹೋದರೆ ಮೇಲೆ ಬರುವಾಗ ಕಿವಿಯೊಳಗಿನ ಗಾಳಿಗೆ ದಾರಿ ಸಿಗದೆ ನೋವು ಜಾಸ್ತಿ ಆಗುತ್ತದೆ.

ಜಮಖಂಡಿಯವ

ನಾನು ಕೇಂದ್ರ ಸರ್ಕಾರದ ನೌಕರಿಯಲ್ಲಿ ಎರಡು ವರ್ಷ ಮಿನಿಕಾಯ್‌ನಲ್ಲಿದ್ದೆ. ಹಾಗಾಗಿ ನಾನು ಕಡ್ಮತ್ ಅನ್ನೋದಿಲ್ಲ, ಟೀಚರ್ ಅಕ್ಕೋರ ಪರವಾಗಿ ಮಾತಾಡುತ್ತೇನೆ.

ಲಕ್ಷದ್ವೀಪ ಅಂದರೆ ಎಲ್ಲ ಒಂದೇ ಅಲ್ಲ. 36 ದ್ವೀಪ, ಜನ ಇರೋದು 10ರಲ್ಲಿ. ಉಳಿದ ಕಡೆ ಮಲಯಾಳಂ ಹತ್ತಿರದ ಜೆಸರಿ ಮಾತಾಡಿದರೆ ಮಿನಿಕಾಯ್‌ನಲ್ಲಿ ಮಹಲ್, ಅದು ಮಾಲ್ದೀವ್ಸ್ ಜನರ ಭಾಷೆ. ಬರೆಯೋದು ಬಲದಿಂದ ಎಡಕ್ಕೆ. ಅಕ್ಕೋರಿಗೆ ಇದನ್ನು ಹೇಳಿ: ಅವರ ತಾನಾ ಲಿಪಿಯ ಮೊದಲ ಒಂಬತ್ತು ಅಕ್ಷರ ಅರಬ್ಬಿ ಅಂಕಿಗಳಿಂದ ಬಂದಿದ್ದು, ಮುಂದಿನ ಒಂಬತ್ತು ಅಲ್ಲಿನ ಹಳೆಯ ಅಂಕಿಗಳಿಂದ. ಅಂದರೆ ಒಂದು ಎರಡು ಮೂರು ಅಂತ ಬರೆದ ಅಂಕಿಗಳೇ ಅಲ್ಲಿ ಅಕ್ಷರ ಆಗಿವೆ.

ಅಲ್ಲಿ 11 ಹಳ್ಳಿಗಳು. ಒಂದೊಂದು ಹಳ್ಳಿಗೂ ಒಂದು ಊರಮನೆ, ಒಬ್ಬ ಹಿರಿಯ. ಅವನನ್ನು ಬೊಡುಕಾಕ ಅನ್ನುತ್ತಾರೆ. ಹೆಂಗಸರಿಗೂ ಅವರದ್ದೇ ಹಿರಿಯಳು ಇರುತ್ತಾಳೆ. ಊಟ, ಮದುವೆ, ದೋಣಿ ನೀರಿಗೆ ಇಳಿಸೋದು, ಎಲ್ಲ ಹಳ್ಳಿಯವರು ಸೇರಿಯೇ ಮಾಡುತ್ತಾರೆ. ಬಣ್ಣ ಬಣ್ಣದ ಉದ್ದ ದೋಣಿ ಜಹಾಧೋನಿ ಪ್ರತಿ ಹಳ್ಳಿಗೂ ಇರುತ್ತದೆ. ಪಂದ್ಯ ಬಂದರೆ ನಮ್ಮ ಕಡೆ ಜಾತ್ರೆಯಲ್ಲಿ ತೇರು ಎಳೆಯುವಾಗಿನ ಹುಮ್ಮಸ್ಸೇ ಅಲ್ಲಿ ದೋಣಿ ಮೇಲೆ ಕಾಣುತ್ತದೆ. ಡೋಲು ಹಿಡಿದು ಕುಣಿಯುವ ಲಾವಾ ಕುಣಿತ ನೋಡಿದವರು ಮರೆಯೋದಿಲ್ಲ.

ಮೀನು ತಿನ್ನದಿದ್ದರೂ ಟ್ಯೂನಾ ಹಿಡಿಯೋದನ್ನು ನೋಡಿ. ಅಲ್ಲಿ ದೊಡ್ಡ ಬಲೆ ಇಲ್ಲ. ಬೆಳಗ್ಗೆ ಒಳಗಡಲಿನಲ್ಲಿ, ಅಂದರೆ ಹವಳದ ದಂಡೆಯ ಒಳಗಿನ ಆಳವಿಲ್ಲದ ನೀರಿನಲ್ಲಿ, ಸಣ್ಣ ಮೀನು ಹಿಡಿದು ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಂಡು ಹೊರಗಡಲಿಗೆ ಹೋಗುತ್ತಾರೆ. ಟ್ಯೂನಾ ಗುಂಪು ಕಂಡರೆ ಆ ಸಣ್ಣ ಮೀನು ಎರಚಿ, ಮೇಲಿಂದ ನೀರು ಚಿಮುಕಿಸುತ್ತಾರೆ. ಗಂಡಸರು ದೋಣಿ ಅಂಚಿನಲ್ಲಿ ಸಾಲಾಗಿ ನಿಂತು ಗಳಕ್ಕೆ ಕಟ್ಟಿದ ಗಾಳ ಹಾಕಿ ಎಳೆದು ಹಿಂದಕ್ಕೆ ಎಸೆಯುತ್ತಾರೆ. ಗಾಳದ ತುದಿಯಲ್ಲಿ ಹಿಮ್ಮುಖದ ಮುಳ್ಳು ಇಲ್ಲದ್ದರಿಂದ ಮೀನು ದೋಣಿಗೆ ಬೀಳುವಾಗ ತಾನೇ ಬಿಡಿಸಿಕೊಳ್ಳುತ್ತದೆ. ಒಂದು ಸಲಕ್ಕೆ ಒಬ್ಬನಿಗೆ ಒಂದೇ ಮೀನು. ಇಷ್ಟು ಹದವಾಗಿ ಸಮುದ್ರದ ಜೊತೆ ಬಾಳುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಆಮೇಲೆ ಅದನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿದರೆ ಕಟ್ಟಿಗೆಯಷ್ಟು ಗಟ್ಟಿ.

1885ರ ದೀಪಸ್ತಂಭ ಇದೆ, ಹತ್ತಿ. ಮೇಲಿಂದ ದ್ವೀಪದ ತೆಂಗು, ಒಳಗಡಲಿನ ತಿಳಿಹಸಿರು, ಅದರಾಚೆ ಒಮ್ಮೆಲೇ ಕಡುನೀಲಿ, ಗೆರೆ ಎಳೆದ ಹಾಗೆ ಕಾಣುತ್ತದೆ.

ಕೊಚ್ಚಿಯಿಂದ ಸರ್ಕಾರಿ ಪ್ರವಾಸ ಸಂಸ್ಥೆಯ ಸಮುದ್ರಂ ಪ್ಯಾಕೇಜ್ ಇರುತ್ತದೆ, ಹಡಗಿನಲ್ಲೇ ಮಲಗೋದು, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡೋದು. ಪರ್ಮಿಟ್ ಇಲ್ಲದೆ ಯಾರನ್ನೂ ಬಿಡೋದಿಲ್ಲ, ನಮ್ಮ ಪೊಲೀಸರಿಂದ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಒಂದು ತಿಂಗಳು ಮುಂಚೆಯೇ ಅರ್ಜಿ ಹಾಕಿ. ಹಡಗು ದಡಕ್ಕೆ ಬರದೆ ನಡುನೀರಲ್ಲೇ ನಿಲ್ಲಬಹುದು. ಆಗ ಅಲೆಗೆ ಏಳುತ್ತ ಬೀಳುತ್ತ ಇರುವ ಸಣ್ಣ ದೋಣಿಗೆ ಇಳಿಯಬೇಕು. ದೋಣಿಯವನು ಕೈ ಚಾಚಿ ಹೇಳಿದಾಗ ಮಾತ್ರ ಕಾಲು ಇಡಿ, ನಿಮ್ಮ ಲೆಕ್ಕದಲ್ಲಿ ಅಲ್ಲ.

ಟಿಳಕವಾಡಿ ಅಕ್ಕ, ಬೆಳಗಾವಿ

ಸರ್, ನಿಮ್ಮ ಮಾತು ಓದಿ ನನಗೂ ಮಿನಿಕಾಯ್ ನೋಡಬೇಕು ಅನಿಸಿತು. ಆದರೆ ಹಗಲು ಇಳಿದು ಸಂಜೆ ಹಡಗಿಗೆ ವಾಪಸ್ ಬರುವ ಪ್ರವಾಸದಲ್ಲಿ ಮಗು ಡೈವಿಂಗ್ ಕಲಿಯೋದು ಆಗದು. ಎರಡೂ ನೋಡೋಣ ಅಂದರೆ ಕಡ್ಮತ್ ಉತ್ತರದಲ್ಲಿ, ಮಿನಿಕಾಯ್ ದಕ್ಷಿಣದ ಕಟ್ಟಕಡೆ, ನಡುವೆ 300 ಕಿಲೋಮೀಟರ್‌ಗಿಂತ ಜಾಸ್ತಿ ಸಮುದ್ರ. ಒಂದೇ ರಜೆಯಲ್ಲಿ ಎರಡನ್ನೂ ತುರುಕಬಾರದು.

ಕಡ್ಮತ್ ಬರೀ ಪ್ರವಾಸಿಗರ ದ್ವೀಪ ಅಂತಲೂ ತಿಳಿಯಬೇಡಿ. ಅದು ಜನ ಇರುವ ಊರು. ಎಂಟೊಂಬತ್ತು ಕಿಲೋಮೀಟರ್ ಉದ್ದ, ಅಗಲ ಅರ್ಧ ಕಿಲೋಮೀಟರ್ ಆಸುಪಾಸು. ಸೈಕಲ್ ಸಿಕ್ಕರೆ ಟೀಚರ್ ಅಕ್ಕ ಇಡೀ ಊರು ಸುತ್ತಬಹುದು. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ದಡದಲ್ಲಿ ನೆನೆಹಾಕಿ, ಬಡಿದು, ನಾರು ತೆಗೆದು ಹಗ್ಗ ಹೊಸೆಯುವ ಹೆಂಗಸರ ಕೆಲಸ ಆ ಕಡೆಯ ದ್ವೀಪಗಳದ್ದು.

ಜಮಖಂಡಿಯವ

ಅದು ಸರಿ, ಒಪ್ಪಿದೆ. ಮಗು ಡೈವಿಂಗ್ ಕಲಿಯಬೇಕಾದರೆ ಕಡ್ಮತ್ತೇ ಆಗಲಿ. ನೀವು ಹಗ್ಗದ ಮಾತು ತೆಗೆದಿದ್ದು ಒಳ್ಳೆಯದಾಯಿತು. ಕಡ್ಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರಾ, ಇವೇ ಅಮಿನ್‌ದಿವಿ ದ್ವೀಪಗಳು, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವರ ಓಡಗಳು ಹಗ್ಗ ಹೊತ್ತು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು.

ಅಕ್ಕೋರು ಅಲ್ಲಿನ ಹೆಂಗಸರ ಹತ್ತಿರ ಆಸ್ತಿ ವಿಷಯ ಕೇಳಲಿ. ಶುಕ್ರವಾರದ ಆಸ್ತಿ, ಸೋಮವಾರದ ಆಸ್ತಿ ಅಂತ ಎರಡು ಬಗೆ. ಶುಕ್ರವಾರದ್ದು ತಾಯಿ ಕಡೆಯ ತರವಾಡಿನದ್ದು, ಅಂದರೆ ಕೂಡುಕುಟುಂಬದ್ದು, ಹೆಣ್ಣಿನ ಸಾಲಿನಲ್ಲೇ ಸಾಗುತ್ತದೆ. ಸೋಮವಾರದ್ದು ಸ್ವಂತ ದುಡಿಮೆಯದ್ದು. ಮುಸ್ಲಿಮರ ಊರಿನಲ್ಲಿ ತಾಯಿಯ ಕಡೆಯಿಂದ ಮನೆತನ ನಡೆಯುತ್ತದೆ ಅನ್ನೋದು ನನಗೆ ಮೊದಲು ನಂಬಲಿಕ್ಕೇ ಆಗಿರಲಿಲ್ಲ.

ಊರೊಳಗೆ ಮೈ ತುಂಬ ಬಟ್ಟೆ ಇರಲಿ, ಈಜುವ ಬಟ್ಟೆಯಲ್ಲಿ ಬೀದಿಗೆ ಬರಬಾರದು. ಕೇಳದೆ ಯಾರ ಫೋಟೋ ತೆಗೆಯಬೇಡಿ. ಸಾರಾಯಿ ನಿಷೇಧ. ಚಿಪ್ಪು, ಹವಳದ ಚೂರು ನೆನಪಿಗೆ ಅಂತ ಚೀಲಕ್ಕೆ ಹಾಕಬೇಡಿ, ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಈ ಮಾತನ್ನು ಮಗಳಿಗೆ ಮೊದಲೇ ಹೇಳಿ. ಸಮುದ್ರ ಬಿಸಿಯಾಗಿ 1998, 2010, 2016, ಮತ್ತೆ 2024ರಲ್ಲಿ ಅಲ್ಲಿನ ಹವಳ ಬೆಳ್ಳಗಾಗಿ ಬಹಳಷ್ಟು ಸತ್ತಿದೆ. ಉಳಿದದ್ದನ್ನು ಕಾಲಿನಿಂದ ತುಳಿಯಬಾರದು, ಕೈಯಿಂದ ಮುಟ್ಟಲೂಬಾರದು.

ಸಮಯದ ಬಗ್ಗೆ: ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಬೇಡವೇ ಬೇಡ. ದಸರಾ ಹೊತ್ತಿಗೆ ಸಮುದ್ರ ತೆರೆಯುತ್ತದೆ, ಆದರೆ ಮಳೆ ಪೂರ್ತಿ ಬಿಟ್ಟಿರೋದಿಲ್ಲ. 2017ರ ಒಖಿ ಚಂಡಮಾರುತ ಡಿಸೆಂಬರ್ ಮೊದಲ ವಾರದಲ್ಲೇ ಲಕ್ಷದ್ವೀಪಕ್ಕೆ ಬಡಿದಿತ್ತು. ನನ್ನ ಕೇಳಿದರೆ ಜನವರಿಯಿಂದ ಮಾರ್ಚ್. ರಂಜಾನ್ ತಿಂಗಳು ಬರುತ್ತದಾ ಅಂತ ಮಾತ್ರ ನೋಡಿಕೊಳ್ಳಿ, ಹಗಲು ಊರಲ್ಲಿ ಊಟ ಸಿಗೋದು ಕಷ್ಟ.

ರೊಟ್ಟಿಬುತ್ತಿ, ಮುಧೋಳ

ಊಟದ್ದು ನಾನು ಹೇಳುತ್ತೇನೆ, ನಾವೂ ಸಸ್ಯಾಹಾರಿಗಳೇ, ಅಲ್ಲಿನ ಅಗತ್ತಿ ದ್ವೀಪಕ್ಕೆ ಹೋಗಿದ್ದೆವು. ಬುಕ್ ಮಾಡುವಾಗಲೇ ಹೇಳಿದರೆ ಅನ್ನ, ಸಾರು, ಪಲ್ಯ, ಚಪಾತಿ ಮಾಡಿಕೊಡುತ್ತಾರೆ. ಆದರೆ ಅಲ್ಲಿ ತರಕಾರಿ ಹಡಗಿನಲ್ಲೇ ಬರಬೇಕು, ಹಾಗಾಗಿ ಬಗೆ ಬಗೆಯದ್ದು ಕೇಳಬೇಡಿ. ಮನೆಯಿಂದ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ಯಿರಿ. ನಾವು ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಒಯ್ದಿದ್ದೆವು, ಸಮುದ್ರದ ತೇವಕ್ಕೆ ಎರಡನೇ ದಿನಕ್ಕೇ ರೊಟ್ಟಿ ಮೆತ್ತಗಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಐದೈದು ರೊಟ್ಟಿ ಬೇರೆ ಬೇರೆ ಕಟ್ಟಿಕೊಳ್ಳಿ. ಖಾಲಿ ಚೀಲ ವಾಪಸ್ ಊರಿಗೇ ತನ್ನಿ. ನಗದು ದುಡ್ಡೂ ಇಟ್ಟುಕೊಂಡಿರಿ. ಅಗತ್ತಿಗೆ ಬೆಂಗಳೂರಿನಿಂದ 2024ರಲ್ಲಿ ನೇರ ವಿಮಾನ ಶುರುವಾಯಿತು, ಬುಕ್ ಮಾಡುವ ಮುಂಚೆ ಈಗಿನ ವೇಳೆ ನೋಡಿಕೊಳ್ಳಿ.

ಖಣದಂಗಡಿ, ಬಾಗಲಕೋಟೆ

ಎಲ್ಲರಿಗೂ ತುಂಬ ಧನ್ಯವಾದ. ರಾತ್ರಿ ಊಟ ಆದ ಮೇಲೆ ಮೂವರೂ ಕೂತು ಓದಿದೆವು. ಮಗಳು ಗಿಳಿಮೀನಿನ ಭಾಗವನ್ನು ಎರಡು ಸಲ ಓದಿಸಿದಳು. ಹೆಂಡತಿ ಆ ಒಂಬತ್ತು ಅಕ್ಷರದ ಮಾತನ್ನು ನಾಳೆ ತರಗತಿಯಲ್ಲಿ ಹೇಳುತ್ತೇನೆ ಅಂತ ಬರೆದಿಟ್ಟುಕೊಂಡಿದ್ದಾಳೆ.

ಹೀಗೆ ಮಾಡುತ್ತೇವೆ: ದಸರಾ ರಜೆಯಲ್ಲಿ ಲಕ್ಷದ್ವೀಪ ಬೇಡ, ಆಗ ದೋಣಿ ಬಿಟ್ಟರೆ ನೇತ್ರಾಣಿ, ರಾತ್ರಿ ಮುರುಡೇಶ್ವರದಲ್ಲೇ ಉಳಿಯೋದು. ಕಿವಿ ಒಪ್ಪಿದರೆ ಜನವರಿಯಲ್ಲಿ ಮಗಳ ಶಾಲೆಗೆ ರಜೆ ಕೇಳಿ ಕಡ್ಮತ್. ಡೈವಿಂಗ್ ಮುಗಿದ ಮೇಲೆ ಹೇಗೂ 18 ಗಂಟೆ ಕಾಯಬೇಕಲ್ಲ, ಆ ಇಡೀ ದಿನ ಹೆಂಡತಿ ಹೇಳಿದ ಹಾಗೆ ಊರೊಳಗೆ. ಮಿನಿಕಾಯ್ ಮುಂದಿನ ಸಲಕ್ಕೆ. ಜಮಖಂಡಿ ಅಣ್ಣಾ, ಆಗ ನಿಮ್ಮನ್ನೇ ಕೇಳುತ್ತೇವೆ.

ಇವತ್ತು ಬೆಳಗ್ಗೆ ಹೊಲದ ಬಾವಿಗೆ ಇಳಿದಿದ್ದೆ. ನೀರಿಗೆ ಮುಖ ಇಟ್ಟ ಕೂಡಲೇ ಉಸಿರು ನಿಂತೇ ಹೋಯಿತು, ಅಕ್ಕ ಹೇಳಿದ ಹಾಗೇ. ಆ ರೂಢಿ ಬಿಡಿಸೋದಕ್ಕೆ ಊರಲ್ಲೇ ಏನಾದರೂ ಅಭ್ಯಾಸ ಮಾಡಬಹುದಾ?

ಟಿಳಕವಾಡಿ ಅಕ್ಕ, ಬೆಳಗಾವಿ

ಮಾಡಬಹುದು ಅಣ್ಣಾ. ಮಾಸ್ಕ್ ಮತ್ತು ಸ್ನಾರ್ಕಲ್ ಕೊಳವೆ ತಗೊಳ್ಳಿ. ಎದೆ ಮಟ್ಟದ ನೀರಲ್ಲಿ ನಿಂತು ಮುಖ ಮಾತ್ರ ಮುಳುಗಿಸಿ ಕೊಳವೆಯಲ್ಲಿ ನಿಧಾನಕ್ಕೆ ಉಸಿರಾಡಿ, ಎಳೆಯೋದಕ್ಕಿಂತ ಬಿಡೋದು ಉದ್ದ ಇರಲಿ. ದಿನಾ ಹತ್ತು ನಿಮಿಷ ಸಾಕು. ಹೆಂಡತಿ ಮಗಳಿಗೂ ಮಾಡಿಸಿ, ಆದರೆ ಅವರನ್ನು ಆ ಬಾವಿಗೆ ಇಳಿಸಬೇಡಿ, ನೆಲ ಕಾಲಿಗೆ ಸಿಗುವ ಈಜುಕೊಳ ನೋಡಿ. ನೀವೂ ಒಬ್ಬರೇ ಇದ್ದಾಗ ಮಾಡಬೇಡಿ.