ಮನೆಯಲ್ಲಿ 33, ಬಂಕ್‌ನಲ್ಲಿ 36: ಈ ಇನ್‌ಫ್ಲೇಟರ್ ವಾಪಸ್ ಕೊಡಲಾ?

ಪ್ರಶ್ನೆ:
ಕಾರಿನ ಲೈಟರ್ ಸಾಕೆಟ್‌ಗೆ ಸಿಕ್ಕಿಸಿ ಟೈರ್‌ಗೆ ಗಾಳಿ ತುಂಬೋ 12 ವೋಲ್ಟ್ ಇನ್‌ಫ್ಲೇಟರ್ ತಗೊಂಡಿದೀನಿ. ವಾಪಸ್ ಮಾಡೋಕೆ ನಾಡಿದ್ದು ಕೊನೆ ದಿನ, ಅದಕ್ಕೇ ಅವಸರ. ಬಹಳ ದಿನದಿಂದ ನಿಂತಿದ್ದ ಕಾರು, ನಾಲ್ಕೂ ಚಕ್ರದಲ್ಲಿ 22 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇತ್ತು. 33ಕ್ಕೆ ಸೆಟ್ ಮಾಡಿ ಶುರು ಮಾಡಿದೆ. ಎರಡು ಮುಗೀತು, ಮೂರನೇದು 29ಕ್ಕೆ ಬಂದಾಗ ಮೆಷಿನ್ ತಾನಾಗೇ ನಿಂತೋಯ್ತು. ಪೈಪಿನ ಹಿತ್ತಾಳೆ ತುದಿ ಮುಟ್ಟಿದ್ರೆ ಚುರ್ ಅನ್ನೋಷ್ಟು ಬಿಸಿ. ಅರ್ಧ ಗಂಟೆ ಬಿಟ್ಟು ಹಾಕಿದ್ರೆ ಮತ್ತೆ ಓಡ್ತು.

ಆಮೇಲೆ 8 ಕಿ.ಮೀ. ದೂರದ ಬಂಕ್‌ಗೆ ಹೋದೆ. ಅಲ್ಲಿ ನಾಲ್ಕರಲ್ಲೂ 36! ಹುಡುಗ 33ಕ್ಕೆ ಇಳಿಸಿ ಕಳಿಸಿದ. ಮರುದಿನ ಬೆಳಿಗ್ಗೆ ನನ್ನ ಮೆಷಿನ್ 30 ತೋರಿಸ್ತಿದೆ. ಯಾವುದನ್ನ ನಂಬಲಿ?

ಉತ್ತರ 1:
ವಾಪಸ್ ಕೊಡಬೇಡಿ, ತಡೀರಿ. ಎರಡು ಮೀಟರೂ ಸರಿಯಾಗೇ ಇರಬಹುದು. ಓಡಿದ ಟೈರ್ ಕಾಯುತ್ತೆ, ಒಳಗಿನ ಗಾಳಿಯ ಒತ್ತಡ ಏರುತ್ತೆ. ಐದಾರು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 1 ಪಿಎಸ್‌ಐ. ಡ್ರೈವರ್ ಬಾಗಿಲ ಪಕ್ಕದ ಕಂಬದ ಸ್ಟಿಕ್ಕರ್‌ನಲ್ಲಿರೋ ಅಂಕಿ ತಣ್ಣಗಿರೋ ಟೈರ್‌ಗೆ. ಬಿಸಿ ಟೈರ್‌ನಿಂದ ಗಾಳಿ ಇಳಿಸಿದ್ದೇ ತಪ್ಪು. ತಣ್ಣಗಾದ ಮೇಲೆ 30 ಆಗಿದ್ದು ಅದಕ್ಕೇ. ಕನಿಷ್ಠ ಮೂರು ಗಂಟೆ ನಿಂತ ಕಾರಿಗೆ, ಬಿಸಿಲು ಬೀಳೋ ಮುಂಚೆ ನೋಡಿ. ಮನೇಲಿ ಮೆಷಿನ್ ಇಟ್ಕೊಳ್ಳೋದರ ದೊಡ್ಡ ಲಾಭವೇ ಇದು.

ಅನುಮಾನ ಇದ್ರೆ ಪೆನ್ನಿನಂಥ ಒಂದು ಸಾದಾ ಗೇಜ್ ತಗೊಂಡು ಒಂದೇ ಚಕ್ರಕ್ಕೆ ಎರಡನ್ನೂ ಹಾಕಿ ನೋಡಿ. ಮೆಷಿನ್ ಓಡ್ತಿರುವಾಗ ಓದಬೇಡಿ, ಆಗ ಪೈಪಿನೊಳಗಿನ ಒತ್ತಡ ಸೇರಿ ಜಾಸ್ತಿ ತೋರಿಸುತ್ತೆ. ನಿಲ್ಲಿಸಿ, ಮುಳ್ಳು ನಿಂತ ಮೇಲೆ ನೋಡಿ.

ಉತ್ತರ 2:
ಮೆಷಿನ್ ನಿಂತಿದ್ದು ಕಾವಿನಿಂದ. ಮ್ಯಾನ್ಯುವಲ್‌ನಲ್ಲಿ ಒಂದೇ ಸಮನೆ ಎಷ್ಟು ನಿಮಿಷ ಓಡಿಸಬಹುದು ಅಂತ ಬರೆದಿರುತ್ತೆ. 22ರಿಂದ ಏರಿಸೋವಾಗ ಎರಡು ಚಕ್ರ ಆದ ಮೇಲೆ ಹತ್ತು ಹದಿನೈದು ನಿಮಿಷ ಬಿಡಿ. ತಣ್ಣಗಾದ ಮೇಲೂ ಓಡದಿದ್ರೆ ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ. ಅದೂ ಸತ್ತಿದ್ರೆ ಕಾರಿನ ಫ್ಯೂಸ್ ಹೋಗಿದೆ. ಚಾರ್ಜರ್ ಓಡಿದ್ರೆ ಇನ್‌ಫ್ಲೇಟರ್ ಪ್ಲಗ್ಗಿನ ಮೂತಿ ತಿರುಗಿಸಿ ಬಿಚ್ಚಿ, ಹೆಚ್ಚಿನವುಗಳಲ್ಲಿ ಒಳಗೊಂದು ಗಾಜಿನ ಫ್ಯೂಸ್ ಇರುತ್ತೆ.

ಡಬ್ಬದ ಮೇಲಿನ 150 ಪಿಎಸ್‌ಐ ನೋಡಿ ಮರುಳಾಗಬೇಡಿ. ನಮ್ಮ ಕಾರಿಗೆ ಬೇಕಾಗೋದು ಮೂವತ್ತರ ಆಸುಪಾಸು. ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ತಳ್ಳುತ್ತೆ ಅನ್ನೋದೇ ಮುಖ್ಯ.

ಪ್ರಶ್ನೆ ಕೇಳಿದವರು:
ಇವತ್ತು ಬೆಳಿಗ್ಗೆ ಆರಕ್ಕೇ ಗೇಜ್ ಹಿಡ್ಕೊಂಡು ಇಳಿದೆ. ಮೆಷಿನ್ 33 ಅಂದ್ರೆ ಗೇಜ್ 32. ಸಮಾಧಾನ ಆಯ್ತು, ಇಟ್ಕೋತೀನಿ. ಇನ್ನೊಂದು: ಸ್ಕೂಟರ್‌ಗೆ ಮನೆ ಕರೆಂಟಿನಲ್ಲೇ ಹೊಡೆಯೋಣ ಅಂತ ವೈಫೈ ರೂಟರ್‌ನ 12 ವೋಲ್ಟ್ ಅಡಾಪ್ಟರ್ ಜೋಡಿಸಬಹುದಾ?

ಉತ್ತರ 2:
ಖಂಡಿತ ಬೇಡ. ವೋಲ್ಟ್ ಒಂದೇ ಆದ್ರೂ ಆ ಅಡಾಪ್ಟರ್ ಕೊಡೋದು ಒಂದೆರಡು ಆಂಪಿಯರ್. 120 ವಾಟ್ ಮೆಷಿನ್‌ಗೆ 10 ಬೇಕು. ಸ್ಕೂಟರನ್ನ ಕಾರಿನ ಪಕ್ಕ ತಂದು ನಿಲ್ಲಿಸಿ, ವೈರ್ ಸಾಕಷ್ಟು ಉದ್ದ ಇರುತ್ತೆ. ಪೈಪ್ ಬಿಚ್ಚುವಾಗ ಬೇಗ ಬೇಗ ತಿರುಗಿಸಿ. ಚಿಕ್ಕ ಟೈರ್‌ನಲ್ಲಿ ಆ ಒಂದು ‘ಉಸ್’ಗೇ ಒತ್ತಡ ಇಳಿದುಬಿಡುತ್ತೆ.