ಮೀನಿನ ಟ್ಯಾಂಕಿನ ನೀರು ವಾರಕ್ಕೆ 4 ಸೆಂ.ಮೀ. ಇಳಿಯುತ್ತಿದೆ, ಸುಮ್ನೆ ತುಂಬಿಸುತ್ತಾ ಹೋದರೆ ಸಾಕಾ?

ಗಾಜಿನಮನೆ:
60×30×36 ಸೆಂ.ಮೀ. ಟ್ಯಾಂಕ್, ಮೇಲೆ ಮುಚ್ಚಳ ಇಲ್ಲ. ನಿಯಾನ್ ಟೆಟ್ರಾ, ಚೆರ್ರಿ ಸೀಗಡಿ ಇವೆ. ಅಂಚಿಗೆ ನೇತು ಹಾಕುವ ಫಿಲ್ಟರ್, ಜೊತೆಗೆ ಗುಳ್ಳೆ ಬಿಡುವ ಏರ್ ಸ್ಟೋನ್. ನೀರು ಇಳಿದ ಹಾಗೆಲ್ಲ ಫಿಲ್ಟರ್ ಝರಿಯಂತೆ ಸದ್ದು ಮಾಡುತ್ತದೆ, ರಾತ್ರಿ ನಿದ್ದೆ ಇಲ್ಲ. ಗಾಜಿನ ಮೇಲೆ ಬಿಳಿ ಗೆರೆ ಬೇರೆ. ಕಡಿಮೆಯಾದಷ್ಟು ನಲ್ಲಿ ನೀರು ಹಾಕುತ್ತಿದ್ದೇನೆ. ಹೇಗೂ ಹೊಸ ನೀರು ಹೋಗುತ್ತಿದೆಯಲ್ಲ, ವಾರದ ನೀರು ಬದಲಾವಣೆ ಬಿಡಬಹುದಾ? ಮುಚ್ಚಳ ಹಾಕಿದರೆ ಮೀನಿಗೆ ಉಸಿರು ಕಟ್ಟುತ್ತಾ?

ಸೋರುವಕೊಡ:
ಮೊದಲು ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಒಣ ಟಿಶ್ಯೂ ತಗೊಂಡು ಹೊರಗಡೆ ಸಿಲಿಕೋನ್ ಕೂಡುವ ಜಾಗದಲ್ಲೆಲ್ಲ ಒತ್ತಿ ನೋಡಿ, ಕೆಳಗಿನ ಮೂಲೆಗಳನ್ನು ಬಿಡಬೇಡಿ. ಒಣಗಿಯೇ ಇದ್ದರೆ ಆವಿಯೇ. ತೆರೆದ ಟ್ಯಾಂಕು, ಗುಳ್ಳೆ ಏಳುವ ನೀರು, ಇಷ್ಟು ಇಳಿಯುವುದು ಸಹಜ.

ಪಾಚಿಪ್ರಿಯ:
ನೀರು ಬದಲಾವಣೆ ಬಿಡಲೇಬೇಡಿ. ಆವಿಯಾಗಿ ಹೋಗುವುದು ಬರೀ ನೀರು. ಸುಣ್ಣ, ಉಪ್ಪು, ನೈಟ್ರೇಟ್ ಎಲ್ಲ ಒಳಗೇ ಉಳಿಯುತ್ತವೆ. ಆ ಬಿಳಿ ಗೆರೆಯೇ ಅದಕ್ಕೆ ಸಾಕ್ಷಿ.

ನಿಮ್ಮ ಟ್ಯಾಂಕಿನಲ್ಲಿ 1 ಸೆಂ.ಮೀ. ಅಂದರೆ 1.8 ಲೀಟರ್. ವಾರಕ್ಕೆ 7 ಲೀಟರ್ ಮೇಲಾಯಿತು. ನಲ್ಲಿ ನೀರಿನ ಟಿಡಿಎಸ್ (ಲೀಟರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) 300 ಅಂತ ಇಟ್ಟುಕೊಳ್ಳಿ, ಪ್ರತಿ ವಾರ 2 ಗ್ರಾಂಗಿಂತ ಜಾಸ್ತಿ ಲವಣ ಒಳಗೆ ಹೋಯಿತು, ಹೊರಗೆ ಏನೂ ಬರಲಿಲ್ಲ. 55 ಲೀಟರ್ ನೀರಿನಲ್ಲಿ ಅದು ವಾರಕ್ಕೆ ಸುಮಾರು 40 ಏರಿಕೆ. ಟೆಟ್ರಾಗಳಿಗೆ ಮೆದು ನೀರು ಬೇಕು, ಅವಕ್ಕೆ ಇದು ಒಳ್ಳೆಯದಲ್ಲ.

ಆವಿಯಾದಷ್ಟನ್ನು ತುಂಬಲು ಲವಣ ಸೋಸಿ ತೆಗೆದ ಆರ್‌ಒ ನೀರು ಹಾಕಿ. ಬದಲಾವಣೆಗೆ ಮಾತ್ರ ಮಾಮೂಲಿ ನೀರು, ಆಂಟಿ ಕ್ಲೋರಿನ್ ಹಾಕಿಕೊಂಡು. ರಾತ್ರಿಯಿಡೀ ಬಕೆಟಿನಲ್ಲಿ ಇಟ್ಟರೆ ಕ್ಲೋರಿನ್ ಹೋಗುತ್ತದೆ, ಕೆಲವು ಕಡೆ ಅದರ ಬದಲು ಹಾಕುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ. ಬದಲಾವಣೆಗೂ ಬರೀ ಆರ್‌ಒ ಸುರಿಯಬೇಡಿ. ಸೀಗಡಿ ಚಿಪ್ಪು ಕಳಚಿ ಹೊಸದು ಕಟ್ಟಿಕೊಳ್ಳಲು ಕ್ಯಾಲ್ಸಿಯಂ ಬೇಕಲ್ವಾ.

ಉಸಿರು ಕಟ್ಟುವುದಿಲ್ಲ. ಹಿಂದೆ ಫಿಲ್ಟರಿನ ಹತ್ತಿರ ಒಂದೆರಡು ಬೆರಳು ಜಾಗ ಬಿಟ್ಟು ಗಾಜು ಮುಚ್ಚಿ. ಇಳಿಯುವುದು ಎಷ್ಟೋ ಕಡಿಮೆಯಾಗುತ್ತದೆ, ಹಾರುವ ಮೀನೂ ಒಳಗೇ ಇರುತ್ತದೆ.

ಕಡಲಹುಳ:
ಮುಚ್ಚಳದ ವಿಷಯದಲ್ಲಿ ನನ್ನದೊಂದು ತಕರಾರು. ಆವಿ ಏಳುವಾಗಲೇ ನೀರು ತಣ್ಣಗಾಗುವುದು. ಸೆಕೆಗಾಲದಲ್ಲಿ ಪೂರ್ತಿ ಮುಚ್ಚಿದರೆ ನೀರು ಬಿಸಿಯೇರುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಆಗ ಮುಚ್ಚಳ ತೆಗೆದು ಮೇಲ್ಮೈಗೆ ಸಣ್ಣ ಫ್ಯಾನ್ ಬಿಡುವವರೇ ಹೆಚ್ಚು, ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಬೇಗ ಇಳಿಯುತ್ತದೆ, ಅದು ಅದರ ಬೆಲೆ.

ನನ್ನದು ಸಮುದ್ರದ ಟ್ಯಾಂಕ್. ಅಲ್ಲಿ ಉಪ್ಪುನೀರು ತುಂಬಿಸುವ ಮಾತೇ ಇಲ್ಲ. ತುಂಬಲು ಸಿಹಿ ನೀರೇ, ಅದೂ ಆರ್‌ಒ. ಇಲ್ಲದಿದ್ದರೆ ಲವಣಾಂಶ ಸಾವಿರಕ್ಕೆ 35ರಿಂದ ಮೇಲೇರುತ್ತಲೇ ಹೋಗುತ್ತದೆ. ನೀರು ಇಳಿದರೆ ತಾನೇ ತುಂಬುವ ಫ್ಲೋಟ್ ಸ್ವಿಚ್ ಹಾಕಿದ್ದೇನೆ. ನಿಮಗೆ ಅಷ್ಟೆಲ್ಲ ಬೇಡ, ಗಾಜಿಗೆ ಒಂದು ಟೇಪ್ ಅಂಟಿಸಿ ಮಟ್ಟ ಗುರುತು ಮಾಡಿದರೆ ಸಾಕು. ಹೀಟರ್ ಇದ್ದರೆ ಅದರ ಮೇಲಿನ ಗೆರೆಗಿಂತ ನೀರು ಕೆಳಗೆ ಹೋಗಕೂಡದು, ಬಿಸಿಯಾದ ಗಾಜು ಹೊರಗೆ ಬಂದರೆ ಒಡೆಯಬಹುದು.

ಗಾಜಿನಮನೆ:
ಸೋರಿಕೆ ಇಲ್ಲ, ಟಿಶ್ಯೂ ಒಣಗಿಯೇ ಇದೆ. ಟಿಡಿಎಸ್ ಮೀಟರ್ ಇಟ್ಟೆ: ನಲ್ಲಿಯಲ್ಲಿ 280, ಟ್ಯಾಂಕಿನಲ್ಲಿ 530! ನಾಳೆ ಅರ್ಧ ನೀರು ತೆಗೆದು ಆರ್‌ಒ ತುಂಬಲಾ?

ಪಾಚಿಪ್ರಿಯ:
ಅಯ್ಯೋ, ಬೇಡ! ಒಮ್ಮೆಲೇ ಅಷ್ಟು ಇಳಿಸಿದರೆ ಸೀಗಡಿಗಳೇ ಮೊದಲು ಹೋಗುತ್ತವೆ. ಎರಡು ಮೂರು ದಿನಕ್ಕೊಮ್ಮೆ 5 ಲೀಟರ್ ತೆಗೆದು, ನಲ್ಲಿ ನೀರನ್ನೇ ನಿಧಾನಕ್ಕೆ ಬಿಡಿ. ಏರ್ ಟ್ಯೂಬಿಗೆ ಗಂಟು ಹಾಕಿ ತೊಟ್ಟು ತೊಟ್ಟಾಗಿ ಬಿಟ್ಟರೆ ಇನ್ನೂ ಒಳ್ಳೆಯದು. ಆವಿಯ ಪಾಲಿಗೆ ಮಾತ್ರ ಆರ್‌ಒ. 350ರ ಹತ್ತಿರ ಬಂದ ಮೇಲೆ ವಾರಕ್ಕೊಂದು ಬದಲಾವಣೆ ಸಾಕು. ಬಿಳಿ ಗೆರೆಗೆ ಬಟ್ಟೆಯಲ್ಲಿ ಸ್ವಲ್ಪ ವಿನೆಗರ್ ಅದ್ದಿ ಒರೆಸಿ, ನೀರಿಗೆ ತಾಗದ ಹಾಗೆ.